ಅಂಡಾಣು ಒಂದು ದಿನ ಇರುತ್ತದೆ, ವೀರ್ಯಾಣು ಐದು ದಿನ ಕಾಯುತ್ತದೆ

ಪ್ರಶ್ನೆ: ಡಾಕ್ಟರ್ ಮೇಡಂ, ನನಗೆ 29 ವರ್ಷ. ಪೊನ್ನಂಪೇಟೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅತ್ತೆ ಮಾವನ ಜೊತೆ ಇದ್ದೇನೆ. ನಮ್ಮದು ರೊಬಸ್ಟಾ ಕಾಫಿ ತೋಟ. ಗಂಡ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಶನಿವಾರ ಬೆಳಿಗ್ಗೆ ಬಂದು ಭಾನುವಾರ ರಾತ್ರಿ ಬಸ್ಸಿಗೆ ಹೋಗುತ್ತಾರೆ. ಕೆಲವು ವಾರ ಬರಲು ಆಗುವುದಿಲ್ಲ. ಎಂಟು ತಿಂಗಳಿಂದ ಮಗು ಬೇಕು ಅಂತ ಪ್ರಯತ್ನಿಸುತ್ತಿದ್ದೇವೆ. ನನ್ನ ಮುಟ್ಟು 34 ದಿನಕ್ಕೊಮ್ಮೆ, ಹೆಚ್ಚುಕಡಿಮೆ ಸರಿಯಾಗಿ ಬರುತ್ತದೆ. ಪರಿಚಯದವರೊಬ್ಬರು ಮುಟ್ಟಾದ 14ನೇ ದಿನ ಸೇರಬೇಕು ಅಂದರು. ಅದಕ್ಕಾಗಿ ಇವರು ಮೂರು ಸಲ ವಾರದ ಮಧ್ಯೆ ರಜೆ ಹಾಕಿ ಬಂದರು. ಆ ತಿಂಗಳುಗಳಲ್ಲಿ ಮುಂದಿನ ಶನಿವಾರ ಬರಲು ಆಗಲಿಲ್ಲ. ಮೂರು ಸಲವೂ ಆಗಲಿಲ್ಲ. ಅತ್ತೆ ಒಳ್ಳೆಯವರು, ಸೊಂಟದ ಕೆಳಗೆ ದಿಂಬು ಇಟ್ಟು ಮಲಗು ಅಂತಾರೆ. ಆದರೆ ಯಾವ ಮದುವೆ ಮನೆಗೆ ಹೋದರೂ "ಏನೂ ವಿಶೇಷ ಇಲ್ವಾ?" ಅಂತ ಕೇಳುತ್ತಾರೆ. ಪಿಯುಸಿಯಲ್ಲಿ ಸೈನ್ಸ್ ಓದಿದ್ದೇನೆ. ಕೋಟಿಗಟ್ಟಲೆ ವೀರ್ಯಾಣು ಓಡಿ, ಮೊದಲು ಮುಟ್ಟಿದ್ದು ಗೆಲ್ಲುತ್ತದೆ ಅಂತ ನೆನಪು. ನಿಜವಾಗಿ ಒಳಗೆ ಏನಾಗುತ್ತದೆ? ನಮ್ಮಲ್ಲಿ ಎಲ್ಲಿ ತಪ್ಪುತ್ತಿದೆ? ತಪ್ಪು ನನ್ನದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳುತ್ತೇನೆ. ತಪ್ಪು ನಿಮ್ಮದಲ್ಲ, ನಿಮ್ಮ ಗಂಡನದೂ ಅಲ್ಲ. ನೀವು ಬರೆದಿದ್ದನ್ನು ಓದಿದರೆ ಎಡವಟ್ಟು ಆಗಿರುವುದು ಲೆಕ್ಕದಲ್ಲಿ ಅಂತ ನನಗೆ ಅನ್ನಿಸುತ್ತದೆ. 34 ದಿನಕ್ಕೊಮ್ಮೆ ಮುಟ್ಟಾಗುವವರಲ್ಲಿ 14ನೇ ದಿನ ಸಾಮಾನ್ಯವಾಗಿ ಅಂಡಾಣು ಇನ್ನೂ ಹೊರಗೆ ಬಂದಿರುವುದೇ ಇಲ್ಲ. ಪಾಪ, ಅಷ್ಟು ಕಷ್ಟಪಟ್ಟು ರಜೆ ಹಾಕಿ ಬಂದ ಮೂರೂ ಸಲ ಅವರು ಸುಮಾರು ಆರು ದಿನ ಮುಂಚೆ ಬಂದು ಹೋಗಿದ್ದಾರೆ. ಅದು ಯಾಕೆ ಅಂತ ತಿಳಿಯಬೇಕಾದರೆ ಒಳಗೆ ನಡೆಯುವುದನ್ನೆಲ್ಲ ಹೇಳಬೇಕು. ನೀವು ಕೇಳಿದ್ದೂ ಅದನ್ನೇ ಅಲ್ವಾ? ಸ್ವಲ್ಪ ಉದ್ದವಾಗುತ್ತದೆ. ಗಂಡನೂ ಜೊತೆಗೆ ಕೂತು ಓದಿದರೆ ಒಳ್ಳೆಯದು.

ಅಂಡಾಣುವಿನ ಕಥೆ ನೀವು ಹುಟ್ಟುವ ಮೊದಲೇ ಶುರುವಾಗಿದೆ. ನೀವು ನಿಮ್ಮ ತಾಯಿಯ ಹೊಟ್ಟೆಯಲ್ಲಿ ಐದು ತಿಂಗಳಿನವರಾಗಿದ್ದಾಗ ನಿಮ್ಮ ಪುಟ್ಟ ಅಂಡಾಶಯಗಳಲ್ಲಿ 60-70 ಲಕ್ಷ ಅಂಡಾಣುಗಳಿದ್ದವು. ಹುಟ್ಟುವಾಗ 10-20 ಲಕ್ಷ ಉಳಿದಿದ್ದವು. ಮೊದಲ ಮುಟ್ಟಿನ ಹೊತ್ತಿಗೆ ಮೂರು ನಾಲ್ಕು ಲಕ್ಷ. ಇಡೀ ಜೀವನದಲ್ಲಿ ಅವುಗಳಲ್ಲಿ ಸುಮಾರು 400 ಮಾತ್ರ ಬೆಳೆದು ಹೊರಗೆ ಬರುತ್ತವೆ. ಹಾಗೆ ನೋಡಿದರೆ ನಿಮ್ಮ ತಾಯಿ ನಿಮ್ಮನ್ನು ಹೊತ್ತಿದ್ದಾಗ, ಮುಂದೆ ನಿಮ್ಮ ಮಗುವಾಗಬಹುದಾದ ಅಂಡಾಣುವನ್ನೂ ಹೊತ್ತಿದ್ದರು. ಇದನ್ನು ನೆನೆದರೆ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಪ್ರತಿ ತಿಂಗಳು ಕೆಲವು ಅಂಡಾಣುಗಳು ಒಟ್ಟಿಗೆ ಬೆಳೆಯಲು ಶುರು ಮಾಡುತ್ತವೆ. ಒಂದೊಂದೂ ಒಂದೊಂದು ನೀರುಗುಳ್ಳೆಯೊಳಗೆ ಇರುತ್ತದೆ. ಕೆಲವು ದಿನಗಳಲ್ಲಿ ಒಂದು ಗುಳ್ಳೆ ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ, ಉಳಿದವು ಬಾಡುತ್ತವೆ. ದೊಡ್ಡದಾದ ಗುಳ್ಳೆ ಸುಮಾರು ಎರಡು ಸೆಂಟಿಮೀಟರ್ ಆಗುತ್ತದೆ. ನಿಮ್ಮ ತೋಟದ ಕಾಫಿ ಹಣ್ಣಿಗಿಂತ ಸ್ವಲ್ಪ ದೊಡ್ಡದು ಅಂದುಕೊಳ್ಳಿ. ಸ್ಕ್ಯಾನಿನಲ್ಲಿ ನಾವು ಅಳೆಯುವುದು ಈ ಗುಳ್ಳೆಯನ್ನೇ. ಒಳಗಿನ ಅಂಡಾಣು ಮಾತ್ರ ತುಂಬಾ ಸಣ್ಣದು, ಮಿಲಿಮೀಟರಿನ ಹತ್ತನೇ ಒಂದು ಭಾಗ. ಚೂಪು ಪೆನ್ಸಿಲ್ಲಿನಿಂದ ಇಟ್ಟ ಒಂದು ಚುಕ್ಕೆ. ಆದರೂ ಮನುಷ್ಯರ ಮೈಯಲ್ಲಿ ಅದೇ ಅತಿ ದೊಡ್ಡ ಜೀವಕೋಶ.

ಗುಳ್ಳೆ ಬಲಿತಾಗ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಅನ್ನುವ ಹಾರ್ಮೋನು ಒಮ್ಮೆಲೇ ಉಕ್ಕಿ ಬರುತ್ತದೆ. ಅದು ಏರಲು ಶುರುವಾಗಿ ಸುಮಾರು ಒಂದೂವರೆ ದಿನಕ್ಕೆ ಗುಳ್ಳೆ ಒಡೆದು ಅಂಡಾಣು ಹೊರಗೆ ಬರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಓವ್ಯುಲೇಷನ್ ಕಿಟ್ ಮೂತ್ರದಲ್ಲಿ ನೋಡುವುದು ಈ ಎಲ್‌ಎಚ್ ಅನ್ನು.

ಈಗ ಲೆಕ್ಕಕ್ಕೆ ಬರೋಣ. ಇದಕ್ಕೆ ನಿಮ್ಮ ತೋಟದಲ್ಲೇ ಉದಾಹರಣೆ ಇದೆ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬೀಳುತ್ತದೆ ಅಂತ ಯಾರಿಗೂ ಹೇಳಲು ಬರುವುದಿಲ್ಲ. ಒಂದು ವರ್ಷ ಫೆಬ್ರವರಿಯಲ್ಲೇ ಬೀಳುತ್ತದೆ, ಇನ್ನೊಂದು ವರ್ಷ ಮಾರ್ಚ್ ಮುಗಿಯುವವರೆಗೂ ಆಕಾಶ ನೋಡಿಸುತ್ತದೆ. ಆದರೆ ಮಳೆ ಬಿದ್ದ ಮೇಲೆ ಹೂ ಅರಳಲು ಬೇಕಾದ ಎಂಟು ಹತ್ತು ದಿನದ ಲೆಕ್ಕ ಹೆಚ್ಚು ಬದಲಾಗುವುದಿಲ್ಲ. ನಮ್ಮ ಮೈಯಲ್ಲೂ ಹೀಗೆಯೇ. ಮುಟ್ಟಾದ ದಿನದಿಂದ ಅಂಡಾಣು ಹೊರಬರುವವರೆಗಿನ ಸಮಯ ಒಬ್ಬರಿಂದ ಒಬ್ಬರಿಗೆ ತುಂಬಾ ಬೇರೆ. ಅಂಡಾಣು ಹೊರಬಂದ ಮೇಲೆ ಮುಂದಿನ ಮುಟ್ಟಿನವರೆಗಿನ ಸಮಯ ಮಾತ್ರ ಹೆಚ್ಚಿನವರಲ್ಲಿ 14 ದಿನದ ಆಸುಪಾಸು. ಅದಕ್ಕೇ ಹಿಂದಿನಿಂದ ಎಣಿಸಬೇಕು. 28 ದಿನಕ್ಕೆ ಮುಟ್ಟಾಗುವವರಿಗೆ 28ರಲ್ಲಿ 14 ಕಳೆದರೆ 14ನೇ ದಿನ. ಪುಸ್ತಕದಲ್ಲಿ ಬರೆದಿರುವುದು ಅವರ ಲೆಕ್ಕ. ನಿಮ್ಮದು 34. ಅದರಲ್ಲಿ 14 ಕಳೆದರೆ 20ನೇ ದಿನ. ಒಂದೆರಡು ದಿನ ಆಚೆ ಈಚೆ ಆಗಬಹುದು, ಆದರೆ 14ನೇ ದಿನ ಆಗುವುದು ಕಷ್ಟ.

ಅಂಡಾಣು ಹೊರಬಂದಾಗ ಅದು ಗರ್ಭಕೋಶಕ್ಕೆ ಹೋಗುವ ನಾಳದೊಳಗೆ ನೇರವಾಗಿ ಬೀಳುವುದಿಲ್ಲ. ಚಿತ್ರದಲ್ಲಿ ಅಂಡಾಶಯ ಮತ್ತು ನಾಳ ಅಂಟಿಕೊಂಡ ಹಾಗೆ ಬಿಡಿಸಿರುತ್ತೇವೆ. ನಿಜವಾಗಿ ಅವೆರಡರ ನಡುವೆ ಜಾಗ ಇರುತ್ತದೆ. ನಾಳದ ಬಾಯಲ್ಲಿ ಬೆರಳುಗಳಂಥ ಕುಚ್ಚು ಇದೆ. ಆ ಹೊತ್ತಿಗೆ ಅದು ಅಂಡಾಶಯದ ಮೇಲೆ ಬಂದು ಸವರುತ್ತದೆ, ಅಂಡಾಣುವನ್ನು ಮೆಲ್ಲಗೆ ಒಳಗೆ ಎತ್ತಿಕೊಳ್ಳುತ್ತದೆ. ನಾಳದ ಉದ್ದ 10ರಿಂದ 12 ಸೆಂಟಿಮೀಟರ್. ಅದರ ಹೊರಗಿನ ಅರ್ಧ ಸ್ವಲ್ಪ ಅಗಲ, ಗರ್ಭಕೋಶದ ಕಡೆಯ ಭಾಗ ಕಿರಿದು. ಅಗಲವಾದ ಭಾಗದಲ್ಲಿ ಅಂಡಾಣು ತಂಗುತ್ತದೆ. ಗರ್ಭ ಕಟ್ಟುವ ಜಾಗ ಅದು. ಗರ್ಭಕೋಶದಲ್ಲಿ ಕಟ್ಟುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಗರ್ಭಕೋಶಕ್ಕೆ ಬರುವುದು ಆಮೇಲೆ.

ಅಲ್ಲಿ ಅಂಡಾಣುವಿನ ಆಯಸ್ಸು 12ರಿಂದ 24 ಗಂಟೆ. ಅಷ್ಟೇ. ನೀವು ನೆನಪಿಡಬೇಕಾದ ಮೊದಲ ಅಂಕಿ ಇದು.

ಇನ್ನು ವೀರ್ಯಾಣು. ಅಂಡಾಣುವಿನ ಹಾಗೆ ಅವು ಹುಟ್ಟಿನಿಂದ ಇರುವುದಿಲ್ಲ, ದಿನವೂ ಹೊಸದಾಗಿ ತಯಾರಾಗುತ್ತವೆ. ಒಂದು ವೀರ್ಯಾಣು ಪೂರ್ತಿ ತಯಾರಾಗಲು ಎರಡೂವರೆ ತಿಂಗಳ ಹತ್ತಿರ ಬೇಕು. ಮೈಗಿಂತ ಎರಡು ಮೂರು ಡಿಗ್ರಿ ತಂಪಾದ ಜಾಗವೂ ಬೇಕು. ಅದಕ್ಕೇ ವೃಷಣಗಳು ಹೊಟ್ಟೆಯ ಹೊರಗೆ ಇರುವುದು. ಒಂದು ಸಲದ ವೀರ್ಯದಲ್ಲಿ ಕೋಟಿಗಟ್ಟಲೆ ಇರುತ್ತವೆ. ಇಷ್ಟೊಂದು ಯಾಕೆ ಅಂದರೆ ದಾರಿ ಅಷ್ಟು ಕಠಿಣ.

ಯೋನಿಯ ಒಳಗೆ ಹುಳಿ ಗುಣ ಇರುತ್ತದೆ. ಸೋಂಕು ತಡೆಯಲು ಅದು ಬೇಕು, ಆದರೆ ವೀರ್ಯಾಣುವಿಗೆ ಅದು ವಿಷ. ವೀರ್ಯದ ದ್ರವ ಸ್ವಲ್ಪ ಹೊತ್ತು ಆ ಹುಳಿಯನ್ನು ತಗ್ಗಿಸುತ್ತದೆ. ಅಷ್ಟರಲ್ಲಿ ಗರ್ಭಕೋಶದ ಬಾಯಿ ಸೇರಿದವು ಬದುಕುತ್ತವೆ, ಬಾಕಿ ಅಲ್ಲೇ ಸಾಯುತ್ತವೆ. ಆ ಬಾಯಲ್ಲಿ ಲೋಳೆ ಇದೆ. ತಿಂಗಳ ಹೆಚ್ಚಿನ ದಿನ ಅದು ಗಟ್ಟಿ, ಬಿರಡೆ ಹಾಕಿದ ಹಾಗೆ. ಅಂಡಾಣು ಹೊರಬರುವ ಮೂರು ನಾಲ್ಕು ದಿನ ಮುಂಚಿನಿಂದ ಅದು ನೀರಾಗುತ್ತದೆ, ಕೋಳಿಮೊಟ್ಟೆಯ ಬಿಳಿ ಭಾಗದ ಹಾಗೆ ಎಳೆದರೆ ದಾರವಾಗುತ್ತದೆ. ಈ ಬದಲಾವಣೆ ನಿಮಗೇ ಗೊತ್ತಾಗುತ್ತದೆ. ಕೆಲವರು ಇದನ್ನು ಬಿಳಿಮುಟ್ಟು ಅಂದುಕೊಂಡು ಹೆದರಿ ನಮ್ಮ ಹತ್ತಿರ ಬರುತ್ತಾರೆ. ವಾಸನೆ ಇಲ್ಲದೆ, ತುರಿಕೆ ಇಲ್ಲದೆ, ತಿಂಗಳ ಮಧ್ಯೆ ಹೀಗಾದರೆ ಅದು ಕಾಯಿಲೆ ಅಲ್ಲ. ಬಾಗಿಲು ತೆರೆದಿದೆ ಅಂತ ಮೈ ಹೇಳುತ್ತಿರುವುದು. ದುಡ್ಡು ಕೊಟ್ಟು ತರುವ ಕಿಟ್‌ಗಿಂತ ಇದು ಮುಂಚೆಯೇ ಸುಳಿವು ಕೊಡುತ್ತದೆ.

ಒಳಗೆ ಹೋದವು ತಮ್ಮ ಬಲದಿಂದ ಮಾತ್ರ ಈಜಿಕೊಂಡು ಹೋಗುವುದಿಲ್ಲ. ವೀರ್ಯಾಣುವಿನ ವೇಗ ನಿಮಿಷಕ್ಕೆ ಕೆಲವು ಮಿಲಿಮೀಟರ್ ಅಷ್ಟೇ. ಗರ್ಭಕೋಶದ ಗೋಡೆ ಮೆಲ್ಲಗೆ ಮಿಡಿಯುತ್ತಾ ಅವನ್ನು ಮೇಲಕ್ಕೆ ತಳ್ಳುತ್ತದೆ. ನಮ್ಮ ಪಠ್ಯಗಳಲ್ಲಿ ಹೆಂಗಸಿನ ದೇಹವನ್ನು ಸುಮ್ನೆ ಓಟದ ಮೈದಾನದ ಹಾಗೆ ತೋರಿಸಿಬಿಟ್ಟಿದ್ದಾರೆ. ನನಗೆ ಅದು ಸರಿ ಕಾಣುವುದಿಲ್ಲ. ಬಾಗಿಲು ತೆರೆಯುವುದು, ದೂಡುವುದು, ಸೋಸುವುದು, ಇಟ್ಟುಕೊಂಡು ಸಾಕುವುದು ಎಲ್ಲವನ್ನೂ ಆ ದೇಹವೇ ಮಾಡುತ್ತದೆ. ಕೋಟಿಗಟ್ಟಲೆ ಹೊರಟವುಗಳಲ್ಲಿ ನಾಳ ಸೇರುವುದು ಕೆಲವು ಸಾವಿರ, ಅಂಡಾಣು ಇರುವ ಜಾಗದ ಹತ್ತಿರ ತಲುಪುವುದು ಕೆಲವು ನೂರು ಮಾತ್ರ.

ಮೊದಲು ಮುಟ್ಟಿದ್ದು ಗೆಲ್ಲುತ್ತದೆ ಅಂತ ನೀವು ಓದಿದ್ದಿರಲ್ಲ, ಅದು ತಪ್ಪು. ಕೆಲವು ವೀರ್ಯಾಣುಗಳು ನಿಮಿಷಗಳಲ್ಲೇ ನಾಳ ತಲುಪುತ್ತವೆ. ಆದರೆ ಅವುಗಳಿಂದ ಏನೂ ಆಗುವುದಿಲ್ಲ. ಹೊಸದಾಗಿ ಬಂದ ವೀರ್ಯಾಣುವಿಗೆ ಅಂಡಾಣುವಿನೊಳಗೆ ಹೋಗುವ ಶಕ್ತಿಯೇ ಇರುವುದಿಲ್ಲ. ಹೆಣ್ಣಿನ ದೇಹದೊಳಗೆ ಕೆಲವು ಗಂಟೆ ಕಳೆದ ಮೇಲೆ, ಅದರ ತಲೆಯ ಮೇಲಿನ ಹೊದಿಕೆ ಬದಲಾಗಿ, ಆಮೇಲೆ ಆ ಶಕ್ತಿ ಬರುತ್ತದೆ. 1951ರಲ್ಲಿ ಇದನ್ನು ಅಮೆರಿಕದಲ್ಲಿ ಎಂ.ಸಿ. ಚಾಂಗ್, ಆಸ್ಟ್ರೇಲಿಯಾದಲ್ಲಿ ಸಿ.ಆರ್. ಆಸ್ಟಿನ್ ಬೇರೆ ಬೇರೆಯಾಗಿ ಕಂಡುಹಿಡಿದರು. ಅಲ್ಲಿಯವರೆಗೆ ಗಾಜಿನ ಪಾತ್ರೆಯಲ್ಲಿ ಎರಡನ್ನೂ ಸೇರಿಸಿ ಯಾಕೆ ಕೂಡುತ್ತಿಲ್ಲ ಅಂತ ಎಷ್ಟೋ ಜನ ತಲೆ ಕೆಡಿಸಿಕೊಂಡಿದ್ದರು. ಈ ವಿಷಯ ಗೊತ್ತಾದ ಮೇಲೆಯೇ ಪ್ರನಾಳ ಶಿಶುವಿನ ದಾರಿ ತೆರೆಯಿತು. 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜಗತ್ತಿನ ಅಂಥ ಮೊದಲ ಮಗು ಲೂಯಿಸ್ ಬ್ರೌನ್ ಹುಟ್ಟಿದಳು. ಅದೇ ವರ್ಷ ಅಕ್ಟೋಬರ್ 3ರಂದು ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖರ್ಜಿಯವರ ಪ್ರಯತ್ನದಿಂದ ನಮ್ಮ ದೇಶದ ಅಂಥ ಮೊದಲ ಮಗು ದುರ್ಗಾ ಹುಟ್ಟಿದಳು. ಮುಖರ್ಜಿಯವರು ಬದುಕಿದ್ದಾಗ ಅವರ ಮಾತನ್ನು ಅಧಿಕಾರಿಗಳು ನಂಬಲಿಲ್ಲ ಅನ್ನೋದು ನಮ್ಮ ದೇಶದ ವೈದ್ಯರಿಗೆಲ್ಲ ಇವತ್ತಿಗೂ ನೋವು.

ಹಾಗಾದರೆ ಬಂದ ವೀರ್ಯಾಣುಗಳು ಆ ಗಂಟೆಗಳನ್ನು ಎಲ್ಲಿ ಕಳೆಯುತ್ತವೆ? ನಾಳದ ಕಿರಿದಾದ ಭಾಗದಲ್ಲಿ. ಅಲ್ಲಿನ ಗೋಡೆಗೆ ತಲೆ ತಾಗಿಸಿಕೊಂಡು ಸುಮ್ಮನಿರುತ್ತವೆ. ಆ ಗೋಡೆ ಅವನ್ನು ಜೀವಂತವಾಗಿ ಇಟ್ಟುಕೊಳ್ಳುತ್ತದೆ. ಒಂದೇ ಸಲ ಎಲ್ಲವೂ ಹೊರಡುವುದಿಲ್ಲ, ಸ್ವಲ್ಪ ಸ್ವಲ್ಪವೇ ಕಳಚಿಕೊಂಡು ಮೇಲಕ್ಕೆ ಹೋಗುತ್ತವೆ. ಲೋಳೆ ಚೆನ್ನಾಗಿರುವ ದಿನಗಳಲ್ಲಿ ಬಂದವು ಐದು ದಿನದವರೆಗೂ ಬದುಕಿರುತ್ತವೆ. ಇದು ಎರಡನೇ ಅಂಕಿ.

ಎರಡೂ ಅಂಕಿಗಳನ್ನು ಜೊತೆಗಿಟ್ಟು ನೋಡಿ. ಅಂಡಾಣು ಒಂದು ದಿನಕ್ಕಿಂತ ಹೆಚ್ಚು ಕಾಯುವುದಿಲ್ಲ. ವೀರ್ಯಾಣು ಐದು ದಿನ ಕಾಯುತ್ತದೆ. ಅಂದರೆ ಅಂಡಾಣು ಬರುವ ಮೊದಲೇ ವೀರ್ಯಾಣು ಬಂದು ಕೂತಿರಬೇಕು. 1995ರಲ್ಲಿ ಅಮೆರಿಕದ ಅಲೆನ್ ವಿಲ್‌ಕಾಕ್ಸ್ ಮತ್ತು ಜೊತೆಗಾರರು ಮಗು ಬಯಸುತ್ತಿದ್ದ 221 ಮಹಿಳೆಯರ ದಿನದಿನದ ಲೆಕ್ಕ ಇಟ್ಟು ನೋಡಿದ ಅಧ್ಯಯನ ಹೊರಬಂತು. ಗರ್ಭ ನಿಂತಿದ್ದೆಲ್ಲ ಆರು ದಿನಗಳ ಒಳಗೆ ಸೇರಿದವರಲ್ಲಿ ಮಾತ್ರ. ಅಂಡಾಣು ಹೊರಬಂದ ದಿನ ಮತ್ತು ಅದರ ಹಿಂದಿನ ಐದು ದಿನ. ಐದು ದಿನ ಮುಂಚೆ ಸೇರಿದರೆ ಗರ್ಭ ಕಟ್ಟುವ ಸಾಧ್ಯತೆ ನೂರಕ್ಕೆ 10ರಷ್ಟು ಇತ್ತು, ಅಂಡಾಣು ಬಂದ ದಿನ ಸುಮಾರು 33. ಮಾರನೇ ದಿನ ಸೇರಿದವರಲ್ಲಿ ಒಂದೂ ಆಗಲಿಲ್ಲ.

ನಿಮ್ಮ ಆರು ದಿನ ಯಾವುದು? 15ನೇ ದಿನದಿಂದ 20ನೇ ದಿನದವರೆಗೆ. ಅದರಲ್ಲೂ 17ರಿಂದ 20. ಈಗ ನಿಮ್ಮ ಶನಿವಾರ ಭಾನುವಾರದ ಕಷ್ಟಕ್ಕೆ ಬರುತ್ತೇನೆ. ಮುಟ್ಟು ಮಂಗಳವಾರ, ಬುಧವಾರ ಅಥವಾ ಗುರುವಾರ ಶುರುವಾದ ತಿಂಗಳು ಏನೂ ಮಾಡಬೇಕಾಗಿಲ್ಲ. ಬುಧವಾರ ಶುರುವಾದರೆ 18ನೇ ದಿನ ಶನಿವಾರ, 19ನೇ ದಿನ ಭಾನುವಾರ ಬರುತ್ತದೆ, ಅದಕ್ಕಿಂತ ಒಳ್ಳೆಯದು ಬೇಡ. ಆ ವಾರ ಮಾತ್ರ ಅವರು ತಪ್ಪಿಸಬಾರದು. ಶುಕ್ರವಾರ ಶುರುವಾದರೆ 16 ಮತ್ತು 17ನೇ ದಿನ ಸಿಗುತ್ತದೆ, ಅದೂ ಪರವಾಗಿಲ್ಲ. ಶನಿವಾರ, ಭಾನುವಾರ, ಸೋಮವಾರ ಶುರುವಾದ ತಿಂಗಳು ರಜೆ ಬೇಕಾಗುತ್ತದೆ. ಭಾನುವಾರ ಶುರುವಾಯಿತು ಅಂದುಕೊಳ್ಳಿ, 18ನೇ ದಿನ ಬುಧವಾರ, 19ನೇ ದಿನ ಗುರುವಾರ. ಇರುವ ರಜೆಯನ್ನು ಅಂಥ ತಿಂಗಳಿಗೆ ಉಳಿಸಿಕೊಳ್ಳಿ. ಮೂರು ರಜೆ ವ್ಯರ್ಥವಾಯಿತಲ್ಲ ಅಂತ ನನಗೂ ಬೇಜಾರಾಯಿತು.

ಈ ದಿನಗಳಲ್ಲಿ ದಿನಾ ಅಥವಾ ದಿನ ಬಿಟ್ಟು ದಿನ ಸೇರಿದರೆ ಸಾಕು. ವಾರಗಟ್ಟಲೆ "ಉಳಿತಾಯ" ಮಾಡಿದರೆ ವೀರ್ಯ ಗಟ್ಟಿಯಾಗುತ್ತದೆ ಅನ್ನುವ ನಂಬಿಕೆ ಇದೆ. ಅದು ನಿಜವಲ್ಲ. ತುಂಬಾ ದಿನ ಒಳಗೆ ಉಳಿದ ವೀರ್ಯಾಣುಗಳ ಚಲನೆ ಕಡಿಮೆಯಾಗುತ್ತದೆ. ಅತ್ತೆಯ ದಿಂಬಿನಿಂದ ತೊಂದರೆ ಏನೂ ಇಲ್ಲ, ಅಗತ್ಯವೂ ಇಲ್ಲ. ಗರ್ಭಕೋಶದ ಬಾಯಿ ಸೇರಬೇಕಾದವು ಕೆಲವೇ ನಿಮಿಷಗಳಲ್ಲಿ ಸೇರಿಬಿಟ್ಟಿರುತ್ತವೆ. ಎದ್ದಾಗ ಹೊರಗೆ ಹರಿಯುವುದು ದ್ರವ. ಅದನ್ನು ನೋಡಿ ಎಲ್ಲ ಹೋಯಿತು ಅಂತ ಅಳಬೇಡಿ. ಹಾಗೆ ಅತ್ತವರನ್ನು ನಾನು ನೋಡಿದ್ದೇನೆ.

ಈಗ ಆ ಭೇಟಿಯ ವಿಷಯ. ಅಂಡಾಣು ಒಂಟಿಯಾಗಿ ಬರುವುದಿಲ್ಲ. ಅದರ ಸುತ್ತ ಸಾವಿರಾರು ಪುಟ್ಟ ಜೀವಕೋಶಗಳು ಮಂಜಿನ ಹಾಗೆ ಮುತ್ತಿಕೊಂಡಿರುತ್ತವೆ. ಆ ಕೋಶಗಳು ಪ್ರೊಜೆಸ್ಟರೋನ್ ಹಾರ್ಮೋನನ್ನು ಬಿಡುತ್ತವೆ. ಅದು ತಾಗಿದಾಗ ವೀರ್ಯಾಣುವಿನ ಬಾಲ ಜೋರಾಗಿ, ಚಾಟಿ ಬೀಸಿದ ಹಾಗೆ ಬಡಿಯಲು ಶುರುವಾಗುತ್ತದೆ. ತಲೆಯ ಮೇಲೆ ಟೋಪಿಯಂಥ ಒಂದು ಚೀಲ ಇದೆ. ಅದು ಒಡೆದು ಒಳಗಿನ ರಸ ಹೊರಗೆ ಬರುತ್ತದೆ. ಈ ರಸ, ಆ ಬಾಲದ ಬಡಿತ ಎರಡೂ ಸೇರಿ ಅಂಡಾಣುವಿನ ಹೊರಗಿನ ದಪ್ಪ ಪಾರದರ್ಶಕ ಪದರವನ್ನು ದಾಟಿಸುತ್ತವೆ.

ಪದರ ದಾಟಿದ ಮೇಲೆ ಎರಡು ಜೀವಕೋಶಗಳು ಮೈಗೆ ಮೈ ತಾಗುತ್ತವೆ. ಅಲ್ಲಿ ಗುರುತು ಹಿಡಿಯುವುದು ಎರಡು ಪ್ರೋಟೀನುಗಳು. ವೀರ್ಯಾಣುವಿನ ಮೇಲಿನದು ಇಜುಮೊ. 2005ರಲ್ಲಿ ಜಪಾನಿನವರು ಕಂಡುಹಿಡಿದು, ಮದುವೆಯ ಹರಕೆಗೆ ಜನ ಹೋಗುವ ತಮ್ಮ ನಾಡಿನ ದೇವಾಲಯದ ಹೆಸರಿಟ್ಟರು. ಅಂಡಾಣುವಿನ ಮೇಲಿನ ಜೊತೆಗಾತಿ 2014ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್ ಹತ್ತಿರದ ಸ್ಯಾಂಗರ್ ಸಂಸ್ಥೆಯಲ್ಲಿ ಸಿಕ್ಕಿತು. ಅದಕ್ಕೆ ರೋಮನ್ನರ ಮದುವೆಯ ದೇವತೆ ಜೂನೋ ಹೆಸರು. ಪ್ರಯೋಗಾಲಯದಲ್ಲಿ ದಿನವಿಡೀ ಕೂರುವ ವಿಜ್ಞಾನಿಗಳಿಗೂ ಇದೊಂದು ಮದುವೆಯ ಹಾಗೆ ಕಂಡಿದೆ ನೋಡಿ.

ಒಂದು ವೀರ್ಯಾಣು ಸೇರಿದ ಕೂಡಲೇ ಅಂಡಾಣು ಎಚ್ಚರವಾಗುತ್ತದೆ. ಒಳಗೆ ಕ್ಯಾಲ್ಸಿಯಂ ಅಲೆ ಅಲೆಯಾಗಿ ಏರಿಳಿಯುತ್ತದೆ. ಅಂಚಿನಲ್ಲಿ ಸಾಲಾಗಿ ಕಾದಿದ್ದ ಸಣ್ಣ ಚೀಲಗಳು ಒಡೆದು ಹೊರಪದರವನ್ನು ಗಟ್ಟಿ ಮಾಡುತ್ತವೆ. ಮೇಲಿದ್ದ ಜೂನೋ ಕಳಚಿ ಹೋಗುತ್ತದೆ. ಇನ್ನು ಎರಡನೆಯದಕ್ಕೆ ಜಾಗ ಇಲ್ಲ. ಎರಡು ಒಳಗೆ ಹೋದರೆ ತಂದೆ ತಾಯಿಯ ಗುಣ ಹೊತ್ತ ವರ್ಣತಂತುಗಳ (ಕ್ರೋಮೋಸೋಮ್) ಲೆಕ್ಕ ಕೆಟ್ಟು ಮಗು ಬೆಳೆಯಲಾರದು. ಅದಕ್ಕೇ ಇಷ್ಟು ಬಿಗಿ ಕಾವಲು. ಅಂಡಾಣು ತನ್ನ ವರ್ಣತಂತುಗಳನ್ನು ಅರ್ಧ ಮಾಡಿಕೊಳ್ಳುವ ಕೆಲಸವನ್ನು ನೀವು ಹುಟ್ಟುವ ಮೊದಲೇ ಶುರು ಮಾಡಿತ್ತು. ಅದನ್ನು ಮುಗಿಸುವುದು ಈ ಕ್ಷಣದಲ್ಲಿ, ವೀರ್ಯಾಣು ಒಳಗೆ ಬಂದ ಮೇಲೆ. 29 ವರ್ಷ ಬಾಕಿ ಇಟ್ಟ ಕೆಲಸ.

ಸುಮಾರು 16ರಿಂದ 18 ಗಂಟೆ ಕಳೆದಾಗ ಒಳಗೆ ಎರಡು ಪುಟ್ಟ ಗುಂಡುಗಳು ಪಕ್ಕಪಕ್ಕದಲ್ಲಿ ಕಾಣುತ್ತವೆ. ಒಂದು ತಾಯಿಯದು, ಒಂದು ತಂದೆಯದು, ಒಂದೊಂದರಲ್ಲಿ 23 ವರ್ಣತಂತು. 1876ರಲ್ಲಿ ಜರ್ಮನಿಯ ಆಸ್ಕರ್ ಹರ್ಟ್‌ವಿಗ್ ಮೈತುಂಬ ಮುಳ್ಳಿರುವ ಚೆಂಡಿನಂಥ ಒಂದು ಸಮುದ್ರ ಜೀವಿಯ ಮೊಟ್ಟೆಯಲ್ಲಿ ಇಂಥ ಎರಡು ಗುಂಡುಗಳು ಸೇರುವುದನ್ನು ಕಂಡು ಬರೆದಿದ್ದರು. ನಾನು ತರಬೇತಿಯಲ್ಲಿದ್ದಾಗ ಮನುಷ್ಯರ ಅಂಡಾಣುವಿನಲ್ಲಿ ಮೊದಲ ಸಲ ನೋಡಿದೆ. ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಹೊರಗೆ ಬೆಂಚಿನ ಮೇಲೆ ಆ ದಂಪತಿ ಕೂತಿದ್ದರು. ಅವರಿಗೆ ಹೇಳುವಾಗ ನನ್ನ ದನಿ ನಡುಗಿತು.

ಆಮೇಲೆ ಆ ಎರಡೂ ಗುಂಡುಗಳ ಗೋಡೆ ಕರಗಿ 46 ವರ್ಣತಂತುಗಳು ಒಂದೇ ಸಾಲಿಗೆ ಬರುತ್ತವೆ. ಒಂದು ಕೋಶ ಎರಡಾಗುತ್ತದೆ. ಗಂಡು ಹೆಣ್ಣು ಅನ್ನೋದು ಅಷ್ಟರಲ್ಲೇ ತೀರ್ಮಾನವಾಗಿರುತ್ತದೆ. ಅದನ್ನು ತೀರ್ಮಾನಿಸುವ ವರ್ಣತಂತು ಎರಡು ಬಗೆ, ಎಕ್ಸ್ ಮತ್ತು ವೈ. ತಾಯಿಯ ಅಂಡಾಣುವಿನಲ್ಲಿ ಯಾವಾಗಲೂ ಎಕ್ಸ್ ಮಾತ್ರ. ವೀರ್ಯಾಣು ಎಕ್ಸ್ ತಂದರೆ ಹೆಣ್ಣು, ವೈ ತಂದರೆ ಗಂಡು. ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಣ್ಣು ಹೆತ್ತಳು ಅಂತ ಸೊಸೆಯನ್ನು ದೂರುವ ಮನೆಗಳು ಇನ್ನೂ ಇವೆ.

ಇನ್ನೂ ಗರ್ಭ ನಿಂತಿಲ್ಲ. ಕಾಫಿಯಲ್ಲಿ ಹೂ ಅರಳಿದರೆ ಮುಗಿಯಲಿಲ್ಲ ಅಲ್ವಾ, ಆಮೇಲೆ ಬೀಳಬೇಕಾದ ಎರಡನೇ ಮಳೆ, ಅಂದರೆ ಬ್ಯಾಕಿಂಗ್ ಮಳೆ, ಬರದಿದ್ದರೆ ಪೀಚು ನಿಲ್ಲುವುದಿಲ್ಲ. ಇಲ್ಲೂ ಹಾಗೆಯೇ ಎರಡನೇ ಘಟ್ಟ ಇದೆ. ಭ್ರೂಣ ಎರಡು ಕೋಶ, ನಾಲ್ಕು, ಎಂಟು ಅಂತ ಆಗುತ್ತಾ ನಾಳದಲ್ಲೇ ನಿಧಾನವಾಗಿ ಸಾಗುತ್ತದೆ. ನಾಲ್ಕನೇ ದಿನದ ಹೊತ್ತಿಗೆ ಗರ್ಭಕೋಶ ಸೇರುತ್ತದೆ. ಐದನೇ ದಿನ ಒಳಗೆ ನೀರು ತುಂಬಿದ ಚೆಂಡಿನಂತೆ ಆಗಿ, ಹೊರಪದರ ಬಿರಿದು ಹೊರಬರುತ್ತದೆ. ಆರೇಳನೇ ದಿನ ಗರ್ಭಕೋಶದ ಒಳಪದರಕ್ಕೆ ಅಂಟಿಕೊಂಡು ಬೇರು ಬಿಡಲು ಶುರು ಮಾಡುತ್ತದೆ. ಆಗ ಹುಟ್ಟುವ ಎಚ್‌ಸಿಜಿ ಹಾರ್ಮೋನನ್ನೇ ಮೂತ್ರ ಪರೀಕ್ಷೆಯಲ್ಲಿ ನೋಡುವುದು. ಹಾಗಾಗಿ ಸೇರಿದ ಮೂರನೇ ದಿನ ಕಿಟ್ ತಂದು ನೋಡಿದರೆ ಏನೂ ಕಾಣುವುದಿಲ್ಲ. ಮುಟ್ಟಿನ ದಿನ ದಾಟುವವರೆಗೆ ತಾಳಿ.

ಈ ದಾರಿಯಲ್ಲಿ ತುಂಬಾ ಭ್ರೂಣಗಳು ನಿಂತುಹೋಗುತ್ತವೆ. ಹೆಚ್ಚಿನವು ವರ್ಣತಂತುವಿನ ದೋಷದಿಂದ. ಮುಟ್ಟು ಎಂದಿನಂತೆ ಬರುತ್ತದೆ, ಒಳಗೆ ಏನಾಯಿತು ಅಂತ ಯಾರಿಗೂ ಗೊತ್ತೇ ಆಗುವುದಿಲ್ಲ. ಎಲ್ಲ ಸರಿಯಿರುವ, ವಯಸ್ಸು ಚಿಕ್ಕದಿರುವ ದಂಪತಿಗೂ ಒಂದು ತಿಂಗಳಲ್ಲಿ ಗರ್ಭ ನಿಲ್ಲುವ ಸಾಧ್ಯತೆ ನೂರಕ್ಕೆ 20-25. ವರ್ಷದೊಳಗೆ ನೂರರಲ್ಲಿ 80-85 ಜೋಡಿಗೆ ಆಗುತ್ತದೆ. ಎಂಟು ತಿಂಗಳಲ್ಲಿ ಸರಿಯಾದ ದಿನ ನಿಮಗೆ ಸಿಕ್ಕಿದ್ದೇ ಕೆಲವು ಸಲ. ಅದಕ್ಕೇ ನಾನು ಇನ್ನೂ ಗಾಬರಿಪಡುವುದಿಲ್ಲ.

ಗಂಡನ ಬಗ್ಗೆ ಎರಡು ಮಾತು. ರೊಬಸ್ಟಾ ಗಿಡ ತನ್ನದೇ ಹೂಪುಡಿಯಿಂದ ಕಾಯಿ ಕಟ್ಟುವುದಿಲ್ಲ, ಗಾಳಿಯೋ ಜೇನೋ ಬೇರೆ ಗಿಡದ್ದನ್ನು ತರಬೇಕು. ಬೆಳೆಗಾರರಿಗೆ ಇದು ಚೆನ್ನಾಗಿ ಗೊತ್ತು. ಆದರೂ ನನ್ನ ಕ್ಲಿನಿಕ್ಕಿಗೆ ಹೆಂಡತಿಯನ್ನು ಮಾತ್ರ ಕರೆತರುತ್ತಾರೆ. ಅವಳಿಗೆ ಸ್ಕ್ಯಾನ್, ರಕ್ತ ಪರೀಕ್ಷೆ, ಟ್ಯೂಬ್ ಪರೀಕ್ಷೆ ಎಲ್ಲ ಆಗಿರುತ್ತದೆ, ಅವರದು ಒಂದು ವೀರ್ಯ ಪರೀಕ್ಷೆಯೂ ಆಗಿರುವುದಿಲ್ಲ. ಅದು ಎಲ್ಲಕ್ಕಿಂತ ಸುಲಭದ ಪರೀಕ್ಷೆ. ನೋವಿಲ್ಲ, ಖರ್ಚೂ ಕಡಿಮೆ. ಒಂದು ಮಿಲಿಲೀಟರಿನಲ್ಲಿ 1.6 ಕೋಟಿ ವೀರ್ಯಾಣು ಅನ್ನೋದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಕೆಳಗಿನ ಗೆರೆ. ಅದಕ್ಕಿಂತ ಕಡಿಮೆ ಬಂದರೂ ಆಸೆ ಬಿಡಬೇಕಾಗಿಲ್ಲ. ಸಿಗರೇಟು, ಗುಟ್ಕಾ ಇದ್ದರೆ ಬಿಡಬೇಕು, ಕುಡಿಯುವುದನ್ನು ತಗ್ಗಿಸಬೇಕು. ನಮ್ಮ ಕಡೆ ಯಾವ ಸಮಾರಂಭವೂ ಅದಿಲ್ಲದೆ ಆಗುವುದಿಲ್ಲ ಅಂತ ಗೊತ್ತು, ಆದರೂ ಹೇಳಲೇಬೇಕು. ಲ್ಯಾಪ್‌ಟಾಪ್ ತೊಡೆಯ ಮೇಲೆ ಇಟ್ಟು ಗಂಟೆಗಟ್ಟಲೆ ಕೂರುವುದು ಬೇಡ. ಇವತ್ತು ಬಿಟ್ಟರೆ ಅದರ ಫಲ ಕಾಣಲು ಮೂರು ತಿಂಗಳು ಬೇಕು, ಯಾಕೆಂದರೆ ಹೊಸ ವೀರ್ಯಾಣು ಬೆಳೆಯಲು ಅಷ್ಟು ಸಮಯ ಹಿಡಿಯುತ್ತದೆ.

ನೀವು ಈಗಿನಿಂದಲೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ತೆಗೆದುಕೊಳ್ಳಿ. ಮಗುವಿನ ಬೆನ್ನುಹುರಿ ರೂಪುಗೊಳ್ಳುವುದು ಗರ್ಭ ನಿಂತಿದೆ ಅಂತ ತಿಳಿಯುವ ಹೊತ್ತಿಗೇ. ಅದಕ್ಕೆ ಮುಂಚೆಯೇ ಶುರು ಮಾಡಬೇಕು. ಥೈರಾಯಿಡ್ ಮತ್ತು ಹಿಮೋಗ್ಲೋಬಿನ್ ಒಮ್ಮೆ ನೋಡಿಸಿ.

ಸರಿಯಾದ ದಿನಗಳಲ್ಲಿ ಇನ್ನು ನಾಲ್ಕು ತಿಂಗಳು ನೋಡಿ. ಆಗ ವರ್ಷವಾಗುತ್ತದೆ. ಆಗದಿದ್ದರೆ ಇಬ್ಬರೂ ಬನ್ನಿ. 35 ದಾಟಿದವರಿಗೆ ನಾನು ವರ್ಷ ಕಾಯಲು ಹೇಳುವುದಿಲ್ಲ, ಆರು ತಿಂಗಳು ಸಾಕು. ಹಿಂದೆ ಟಿಬಿ ಆಗಿದ್ದರೆ, ಹೊಟ್ಟೆಯ ಆಪರೇಷನ್ ಆಗಿದ್ದರೆ, ಮುಟ್ಟಿನ ನೋವು ತಡೆಯಲಾರದಷ್ಟು ಇದ್ದರೆ ಕಾಯಬೇಡಿ, ಈಗಲೇ ಬನ್ನಿ. ನಮ್ಮ ದೇಶದಲ್ಲಿ ನಾಳ ಮುಚ್ಚಿಹೋಗಲು ಟಿಬಿ ಒಂದು ದೊಡ್ಡ ಕಾರಣ. ಇನ್ನೊಂದು ಎಚ್ಚರಿಕೆಯ ಮಾತು. ಕೆಲವೊಮ್ಮೆ ಭ್ರೂಣ ಗರ್ಭಕೋಶಕ್ಕೆ ಬಾರದೆ ನಾಳದಲ್ಲೇ ಬೇರು ಬಿಡುತ್ತದೆ. ಮುಟ್ಟು ನಿಂತ ಮೇಲೆ ಕೆಳಹೊಟ್ಟೆಯ ಒಂದು ಬದಿ ಜೋರಾಗಿ ನೋವಾದರೆ, ತಲೆ ಸುತ್ತಿದರೆ, ರಕ್ತ ಕಂಡರೆ, ಬೆಳಗಾಗಲಿ ಅಂತ ತೋಟದ ಮನೆಯಲ್ಲಿ ಕಾಯಬೇಡಿ. ರಾತ್ರಿ ಎಷ್ಟು ಹೊತ್ತಾದರೂ, ಮಳೆ ಎಷ್ಟಿದ್ದರೂ ಜೀಪು ತೆಗೆಸಿ ಆಸ್ಪತ್ರೆಗೆ ಬನ್ನಿ.

"ವಿಶೇಷ" ಕೇಳುವವರಿಗೆ ಏನು ಹೇಳಬೇಕು ಅಂತ ನೀವು ಕೇಳಲಿಲ್ಲ, ಆದರೆ ಆ ಸಾಲು ಓದಿ ನನ್ನ ಹೊಟ್ಟೆ ಚುರ್ ಅಂದಿತು. ಉತ್ತರ ಕೊಡಬೇಕಾದ ಜವಾಬ್ದಾರಿ ನಿಮಗಿಲ್ಲ. ಅತ್ತೆ ಒಳ್ಳೆಯವರು ಅಂದಿರಲ್ಲ, ಈ ಉತ್ತರವನ್ನು ಅವರಿಗೂ ಓದಿ ಹೇಳಿ. ಮದುವೆ ಮನೆಯಲ್ಲಿ ಪಕ್ಕದಲ್ಲಿ ಅವರು ನಿಂತು "ಅವಳನ್ನು ಕೇಳಬೇಡಿ" ಅಂದರೆ ಇನ್ಯಾರೂ ಬಾಯಿ ಬಿಡುವುದಿಲ್ಲ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮುಂದಿನ ಮುಟ್ಟಿನ ಮೊದಲ ದಿನಕ್ಕೆ ಸುತ್ತು ಹಾಕಿ. ಅಲ್ಲಿಂದ ಎಣಿಸಿ 15ರಿಂದ 20ನೇ ದಿನದವರೆಗೆ ಗೆರೆ ಎಳೆದು, ಅದರ ಫೋಟೋ ಗಂಡನಿಗೆ ಕಳಿಸಿ. ನನ್ನ ಹತ್ತಿರ ಬರಬೇಕಾಗಿ ಬಂದರೆ ಆ ಕ್ಯಾಲೆಂಡರನ್ನೂ ಜೊತೆಗೆ ತನ್ನಿ.